ಹದಿನಾರು ಪದರದ ರೆಕ್ಕೆ

"ನನ್ನ ಕೈಯಲ್ಲಿ ಏನು ದೋಷವಿದೆ, ಸಾರ್?"

ಕೇಳಿದವಳು ಮೃದುಲಾ. ಕೇಳಿದ್ದು ತನ್ನ ಗುರುಗಳಾದ ಪ್ರೊಫೆಸರ್ ಪದ್ಮನಾಭಯ್ಯನವರನ್ನು. ವಿಮಾನದ ರೆಕ್ಕೆಗೆ ಬೇಕಾದ ಹಗುರವಾದ ವಸ್ತುಗಳನ್ನು ಮಾಡುವುದು, ಮಾಡಿದ್ದನ್ನು ಮುರಿಯುವುದು, ಮುರಿದದ್ದು ಏಕೆ ಮುರಿಯಿತೆಂದು ಬರೆಯುವುದು ಅವರ ವಿದ್ಯೆ. ಅವಳು ಅವರ ಹನ್ನೆರಡನೆಯ ಶಿಷ್ಯೆ. ಅವರೇ ಸಂದರ್ಶನ ಮಾಡಿ ಸೇರಿಸಿಕೊಂಡು ಆರು ವರ್ಷವಾಗಿತ್ತು. ಪ್ರಬಂಧ ಒಪ್ಪಿಸಲು ಈ ತಿಂಗಳ ಕೊನೆಯೇ ಗಡುವು. ಇನ್ನು ಮುಂದೆ ಅವಧಿ ವಿಸ್ತರಣೆ ಇಲ್ಲವೆಂದು ಕಚೇರಿಯಿಂದ ಕಾಗದ ಬಂದಿತ್ತು.

ಅವಳು ಒಂದು ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಅದರ ತುಂಬ ಮುರಿದ ಕರಿ ಪಟ್ಟಿಗಳಿದ್ದವು.

"ಮೂವತ್ನಾಲ್ಕು ಮಾದರಿ ಮಾಡಿದೆ, ಸಾರ್. ಒಂದರಲ್ಲೂ ನಿಮ್ಮ ಸಾಂಗತ್ಯ ಗುಣಾಂಕದ ಹೆಚ್ಚಿನ ಬಲ ಕಾಣಲಿಲ್ಲ. ನಿಮ್ಮ ಹನ್ನೊಂದು ಜನ ಶಿಷ್ಯರಿಗೂ ಕಂಡಿದೆ. ಕೈ ಪಳಗಬೇಕು ಅಂದಿರಿ, ಪಳಗಿಸಿದೆ. ಕೈಗವಸು ಬದಲಾಯಿಸು ಅಂದಿರಿ, ನಾಲ್ಕು ಥರದ್ದು ಹಾಕಿದೆ. ಜಿಡ್ಡು ತಾಗುತ್ತದೇನೋ ಎಂದು ಎರಡು ವರ್ಷ ತಲೆಗೆ ಎಣ್ಣೆ ಹಚ್ಚಲಿಲ್ಲ. ನಮ್ಮಮ್ಮ ನನ್ನ ಕೂದಲು ನೋಡಿ ಅಳುತ್ತಾಳೆ. ಇನ್ನೇನು ಮಾಡಲಿ?"

ಗುರು ಡಬ್ಬಿಯೊಳಗೆ ನೋಡಿದರು. ಎತ್ತರದ ದನಿಯಲ್ಲಿ ತಮ್ಮನ್ನು ತಾವೇ ಹೊಗಳಿಕೊಂಡು ಎದುರಿನವರನ್ನು ನಗಿಸುವುದು ಅವರ ರೂಢಿ. ಆ ದಿನವೂ ಹಾಗೆಯೇ ಶುರುಮಾಡಿದರು.

"ಕೂತುಕೋ. ಒಂದು ಕತೆ ಹೇಳುತ್ತೇನೆ."

"ಕತೆ ಕೇಳುವಷ್ಟು ದಿನ ಉಳಿದಿಲ್ಲ, ಸಾರ್."

"ಚಿಕ್ಕದು. ಒಬ್ಬ ಮನುಷ್ಯನ ಕೆಲಸದಷ್ಟು ಉದ್ದ, ಅಷ್ಟೆ."

ಅವಳು ಕೂತಳು. ಗುರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದ. ಅವನಂಥ ಮೇಷ್ಟ್ರು ಭೂಮಿಯ ಮೇಲೆ ಹಿಂದೆ ಹುಟ್ಟಿರಲಿಲ್ಲ. ಇದನ್ನು ಅವನೇ ಹೇಳಿದ್ದರಿಂದ ಅನುಮಾನಕ್ಕೆ ಜಾಗವಿಲ್ಲ. ಯಾವ ವಸ್ತು ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದು ಮೊದಲೇ ಹೇಳುವುದು ಅವನ ವಿದ್ಯೆ. ಕ್ಯಾಂಟೀನಿನ ಬೆಂಚಿನ ಮೇಲೆ ಕೈಯಿಟ್ಟು ಇದು ಯುಗಾದಿಗೆ ಮುರಿಯುತ್ತದೆ ಎಂದರೆ ಯುಗಾದಿಯ ಬೆಳಿಗ್ಗೆ ಮುರಿಯುತ್ತಿತ್ತು. ಒಂದು ಸಲ ಮಾತ್ರ ಹಿಂದಿನ ದಿನವೇ ಮುರಿಯಿತು. ಅದು ಪಂಚಾಂಗದವರ ತಪ್ಪು. ಅವನ ಕಿಟಕಿಯ ಮುಂದೆ ಕಾಗೆಗಳು ಹಾರುತ್ತಿರಲಿಲ್ಲ. ರೆಕ್ಕೆ ಬಿಚ್ಚಿದರೆ ಎಲ್ಲಿ ದೋಷವಿದೆಯೆಂದು ಹೇಳಿಬಿಡುತ್ತಾನೋ ಎಂದು ಹೆದರಿ ನಡೆದೇ ಹೋಗುತ್ತಿದ್ದವು.

ಮೃದುಲಾ ನಗಲಿಲ್ಲ. ಗುರು ಮುಂದುವರಿದರು.

ಅವನಿಗೆ ಮೂವತ್ತೆಂಟು ವರ್ಷವಾದಾಗ ಸರ್ಕಾರ ಅವನಿಗೆ ಒಂದು ರೆಕ್ಕೆ ಮಾಡಲು ಹೇಳಿತು. ಇಬ್ಬರು ಕೂರುವ ಪುಟ್ಟ ವಿಮಾನದ ರೆಕ್ಕೆ. ಒಂದೇ ರೆಕ್ಕೆ. ಎರಡನೆಯದಕ್ಕೆ ಮಂಜೂರಾತಿ ಇರಲಿಲ್ಲ. ಅಂಟು ಹೀರಿದ ಕಾರ್ಬನ್ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಒತ್ತಿ, ಬಸ್ಸಿನಷ್ಟು ದೊಡ್ಡ ಒತ್ತಡದ ಒಲೆಯಲ್ಲಿ ಬೇಯಿಸಿ ಅದನ್ನು ಮಾಡಬೇಕು. ನಿನಗೆ ಗೊತ್ತಿದೆ. ರೆಕ್ಕೆಯ ಬುಡದಲ್ಲಿ ಹದಿನಾರು ಪದರ. ಅವನು ಲೆಕ್ಕ ಹಾಕಿದ. ಮೂರು ತಿಂಗಳು ಲೆಕ್ಕ ಹಾಕಿದ. ಆಮೇಲೆ ಸಭೆಯಲ್ಲಿ ಎದ್ದು ನಿಂತು ಹೇಳಿದ: ರೆಕ್ಕೆಯನ್ನು ತಲೆಕೆಳಗು ಮಾಡಿ ಕಟ್ಟಿ, ಅದರ ಮೇಲೆ ಮರಳಿನ ಚೀಲ ಒಂದೊಂದಾಗಿ ಇಡುತ್ತ ಬನ್ನಿ. ನೂರನೆಯ ಚೀಲಕ್ಕೆ ಮುರಿಯುತ್ತದೆ. ತೊಂಬತ್ತೊಂಬತ್ತಕ್ಕಲ್ಲ, ನೂರ ಒಂದಕ್ಕಲ್ಲ.

ನಿರ್ದೇಶಕರು ಕೇಳಿದರು, "ನೂರ ಒಂದಕ್ಕೆ ಮುರಿದರೆ?"

"ನನ್ನ ಸಮೀಕರಣವನ್ನು ಹರಿದು ಹಾಕುತ್ತೇನೆ" ಎಂದ ಮೇಷ್ಟ್ರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಅವನಿಗೆ ಕಾಫಿಯ ಹಾಗೆ. ದಿನಕ್ಕೆ ಎರಡು ಸಲ ಸಿಗದಿದ್ದರೆ ತಲೆ ನೋಯುತ್ತಿತ್ತು.

ಅವನ ಲ್ಯಾಬಿನಲ್ಲಿ ಒಬ್ಬ ಕೆಲಸಗಾರನಿದ್ದ. ಬಟ್ಟೆ ಹಾಸುವುದು ಅವನ ಕೆಲಸ. ಅವನ ಹಾಸಿನಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ, ಒಂದು ಗಾಳಿಗುಳ್ಳೆಯೂ ಇರುತ್ತಿರಲಿಲ್ಲ. ಒಂಬತ್ತು ವರ್ಷ ದಿನಗೂಲಿಯಲ್ಲಿದ್ದ. ಮೇಷ್ಟ್ರು ಕಚೇರಿಗೆ ಕಾಗದ ಬರೆದ. ಒಂದಲ್ಲ, ಎರಡಲ್ಲ, ಹದಿನೆಂಟು ಕಾಗದ. ಕೊನೆಗೆ ಕಚೇರಿಯವರು ಮೇಷ್ಟ್ರ ಕಾಗದ ಇಡಲು ಹೊಸ ಬೀರು ತರಿಸುವುದಕ್ಕಿಂತ ಕೆಲಸಗಾರನನ್ನು ಕಾಯಂ ಮಾಡುವುದೇ ಸುಲಭವೆಂದು ಕಾಯಂ ಮಾಡಿದರು. ರೆಕ್ಕೆ ಹಾಸುವ ಕೆಲಸ ಶುರುವಾದ ವಾರವೇ ಆದೇಶ ಬಂತು.

ಆ ವಾರ ಕ್ಯಾಂಟೀನಿನಲ್ಲಿ ಎಲ್ಲರ ಬಾಯಲ್ಲೂ ರೆಕ್ಕೆಯದೇ ಮಾತು. ಒಬ್ಬ ಚಾಲಕ ಕೆಲಸಗಾರನಿಗೆ ಹೇಳಿದ, "ನಿಮ್ಮ ಮೇಷ್ಟ್ರ ಕತೆ ಮುಗೀತು ಕಣಯ್ಯ. ರೆಕ್ಕೆ ಮುರಿಯುತ್ತೆ ಅಂತ ಅವರೇ ಸಭೇಲಿ ಒಪ್ಕೊಂಡಿದಾರಂತೆ. ದೊಡ್ಡೋರ ಎದುರಿಗೆ ಮುರಿದ್ರೆ ಬಿಡ್ತಾರಾ?"

ಕೆಲಸಗಾರ ಎದ್ದ. ಲೋಟ ತೊಳೆದಿಟ್ಟು ಬಂದ.

ಆ ಬಟ್ಟೆಯ ಪ್ರತಿ ಹಾಳೆಗೂ ಬೆನ್ನಿಗೆ ಒಂದು ಕಾಗದ ಅಂಟಿರುತ್ತದಲ್ಲ, ಅದನ್ನು ಸುಲಿದು ಬಟ್ಟೆಯನ್ನು ಹಾಸಬೇಕು. ಸುಲಿದ ಕಾಗದವನ್ನು ಎಸೆಯುವ ಹಾಗಿಲ್ಲ. ತಟ್ಟೆಯಲ್ಲಿ ಹಾಕಿ ಕೊನೆಗೆ ಎಣಿಸಬೇಕು. ಹದಿನಾರು ಪದರಕ್ಕೆ ಹದಿನಾರು ಕಾಗದ. ಒಂದು ಕಡಿಮೆ ಬಂದರೆ ಕಾಗದ ಒಳಗೇ ಉಳಿದಿದೆ ಎಂದರ್ಥ, ರೆಕ್ಕೆ ದಂಡ. ಆ ದಿನ ಮೇಷ್ಟ್ರೇ ನಿಂತು ಎಣಿಸಿದ. ಹದಿನಾರು. ಸಹಿ ಮಾಡಿದ. ಕಡಿಮೆ ಬಂದರೆ ಏನು ಮಾಡಬೇಕೆಂದು ಪುಸ್ತಕದಲ್ಲಿ ಒಂದೂವರೆ ಪುಟ ಬರೆದಿದ್ದ. ಹದಿನೇಳನೆಯದು ಒಬ್ಬನ ಅಂಗಿಯ ಜೇಬಿನಲ್ಲಿದ್ದರೆ ಏನು ಮಾಡಬೇಕೆಂದು ಬರೆದಿರಲಿಲ್ಲ.

ಮೃದುಲಾ ತಲೆಯೆತ್ತಿದಳು.

"ಒಂದು ಪದರ ಜಾಸ್ತಿ ಹಾಕಿದನೇ?"

"ಅವಸರ ಮಾಡಬೇಡ. ಆ ಮೇಷ್ಟ್ರಿಗೆ ಅದು ಗೊತ್ತಾಗಲು ಎಷ್ಟು ಕಾಲ ಹಿಡಿಯಿತು, ನಿನಗೆ ಇಷ್ಟು ಬೇಗ ಗೊತ್ತಾದರೆ ಅವನ ಮರ್ಯಾದೆ ಏನಾಗಬೇಕು?"

ಬೆಂದ ಮೇಲೆ ರೆಕ್ಕೆಯ ದಪ್ಪ ಅಳೆದರು. ಒಂದು ಕೂದಲಿನಷ್ಟು ಹೆಚ್ಚಿತ್ತು. ಅಂಟು ಸರಿಯಾಗಿ ಹಿಂಡಿ ಹೋಗಿಲ್ಲ ಎಂದು ಬರೆದರು. ಮೇಷ್ಟ್ರು ಅದಕ್ಕೂ ಸಹಿ ಮಾಡಿದ.

ಪರೀಕ್ಷೆಯ ದಿನ ಬಂತು. ಮೊದಲ ಸಾಲಿನಲ್ಲಿ ಸಮವಸ್ತ್ರದವರು, ಎರಡನೆಯ ಸಾಲಿನಲ್ಲಿ ಸೂಟಿನವರು, ಹಿಂದೆ ನಮ್ಮಂಥವರು. ಚೀಲ ಇಡುತ್ತ ಬಂದರು. ತೊಂಬತ್ತೈದಕ್ಕೆ ರೆಕ್ಕೆ ಮುಲುಗಿತು. ಮೇಷ್ಟ್ರ ಮುಖ ಅರಳಿತು. ತೊಂಬತ್ತೊಂಬತ್ತು. ಅವನು ಕಣ್ಣು ಮುಚ್ಚಿದ. ನೂರು.

ಮುರಿಯಲಿಲ್ಲ.

ನೂರ ಒಂದು, ನೂರ ಎರಡು. ಸಮವಸ್ತ್ರದವರು ಎದ್ದು ನಿಂತರು. ನೂರ ಮೂರು. ಸೂಟಿನವರು ಎದ್ದು ನಿಂತರು. ನೂರ ಆರನೆಯ ಚೀಲಕ್ಕೆ ರೆಕ್ಕೆ ಮುರಿಯಿತು. ಆ ಸದ್ದಿಗಿಂತ ಜನರ ಸದ್ದು ಜೋರಾಗಿತ್ತು. ಹೇಳಿದ್ದಕ್ಕಿಂತ ಆರು ಚೀಲ ಹೆಚ್ಚು ಹೊತ್ತ ರೆಕ್ಕೆ. ಮೇಷ್ಟ್ರಿಗೆ ಹಾರ ಹಾಕಿದರು. ಅವನ ಕಣ್ಣಲ್ಲಿ ನೀರು ಬಂತು. ಆನಂದಬಾಷ್ಪ ಎಂದರು ಜನ. ಆ ಕೊಠಡಿಯಲ್ಲಿ ರೆಕ್ಕೆ ನೂರಕ್ಕೆ ಮುರಿಯಲಿಲ್ಲವಲ್ಲ ಎಂದು ಅತ್ತವನು ಅವನೊಬ್ಬನೇ.

ಹಿಂದಿನ ಸಾಲಿನಲ್ಲಿ ಕೆಲಸಗಾರ ಮಾತ್ರ ನೆಮ್ಮದಿಯಿಂದ ಉಸಿರು ಬಿಟ್ಟ.

ನಿರ್ದೇಶಕರು ಮುರಿದ ರೆಕ್ಕೆಯ ಬುಡವನ್ನು ನೀಟಾಗಿ ಕತ್ತರಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕಟ್ಟಡದ ಬಾಗಿಲಲ್ಲಿ ನಿಲ್ಲಿಸಿದರು. ಯಾರೂ ಮುಟ್ಟಬಾರದೆಂದು ಬೀಗ ಹಾಕಿದರು.

"ನಮ್ಮ ಬಾಗಿಲಲ್ಲಿರುವುದೇ, ಸಾರ್?" ಎಂದು ಮೃದುಲಾ ಕೇಳಿದಳು.

"ಕತೆಯಲ್ಲಿ ಎಲ್ಲ ಬಾಗಿಲಲ್ಲೂ ಒಂದು ಗಾಜಿನ ಪೆಟ್ಟಿಗೆ ಇರುತ್ತದೆ. ಆ ಮೇಷ್ಟ್ರು ನನಗಿಂತ ಚೆಲುವ. ಅವನಿಗೆ ಕೂದಲಿತ್ತು."

ಗುರು ನೀರು ಕುಡಿದು ಮುಂದುವರಿದರು.

ಮೇಷ್ಟ್ರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಸಮೀಕರಣವನ್ನು ಹರಿದು ಹಾಕಿದ. ಆದರೆ ಆರು ಚೀಲ ಅವನನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ಎಲೆಯ ಮೇಲೆ ಆರು ಚೀಲ, ಸ್ನಾನಕ್ಕೆ ಹೋದರೆ ಹಂಡೆಯಲ್ಲಿ ಆರು ಚೀಲ. ಹೆಂಡತಿ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೇ ಎಂದು ಕೇಳಿದರೆ ಆರು ಶೇಕಡ ಎನ್ನುತ್ತಿದ್ದ. ಎರಡು ವರ್ಷ ಕಳೆಯಿತು. ಆಮೇಲೆ ಒಂದು ದಿನ ಅವನಿಗೆ ಹೊಳೆಯಿತು. ಪದರಗಳು ಒಂಟಿಯಾಗಿ ಹೊರುವುದಕ್ಕಿಂತ ಒಟ್ಟಿಗೆ ಇದ್ದಾಗ ಹೆಚ್ಚು ಹೊರುತ್ತವೆ, ಪಕ್ಕದವರ ಬಲ ಒಂದಿಷ್ಟು ಇದಕ್ಕೂ ಬರುತ್ತದೆ ಎಂದ. ಆ ಹೆಚ್ಚಿನ ಬಲಕ್ಕೆ ಸಾಂಗತ್ಯ ಗುಣಾಂಕ ಎಂದು ಹೆಸರಿಟ್ಟ. ದಪ್ಪ ಒಂದು ಕೂದಲಿನಷ್ಟು ಹೆಚ್ಚಿದ್ದಕ್ಕೂ ಅದರಲ್ಲೇ ಜಾಗ ಮಾಡಿಕೊಟ್ಟ. ಎಷ್ಟು ಚೆನ್ನಾಗಿತ್ತೆಂದರೆ, ಓದಿದವರಿಗೆ ಪದರಗಳ ಮೇಲೆ ಪ್ರೀತಿ ಬರುತ್ತಿತ್ತು. ಸುಳ್ಳನ್ನು ಅಷ್ಟು ಅಂದವಾಗಿ ಬರೆಯಲು ಸತ್ಯವಂತನಿಂದ ಮಾತ್ರ ಸಾಧ್ಯ.

ಶಿಷ್ಯರು ಬಂದರು. ಒಬ್ಬೊಬ್ಬರಿಗೂ ಆ ಗುಣಾಂಕದ ಒಂದೊಂದು ಮೂಲೆ ಕೊಟ್ಟ. ಬಿಸಿಯಲ್ಲಿ ಏನಾಗುತ್ತದೆ ನೋಡು, ಚಳಿಯಲ್ಲಿ ನೋಡು, ತೇವದಲ್ಲಿ ನೋಡು. ಅವರಿಗೆ ಮಾದರಿ ಮಾಡಿಕೊಡುತ್ತಿದ್ದವನು ಅದೇ ಕೆಲಸಗಾರ. ಹನ್ನೊಂದು ಜನ ಅಳೆದರು. ಹನ್ನೊಂದು ಜನರಿಗೂ ಆರು ಶೇಕಡ ಹೆಚ್ಚು ಬಂತು. ಹನ್ನೊಂದು ಪ್ರಬಂಧ, ಹನ್ನೊಂದು ಪಿಎಚ್.ಡಿ.

"ಮೈಕ್ರೋಸ್ಕೋಪಿನಲ್ಲಿ ಯಾರೂ ನೋಡಲಿಲ್ಲವೇ?" ಎಂದಳು ಮೃದುಲಾ.

"ನೋಡಿದರು. ಬಿರುಕು ಎಲ್ಲಿದೆ ಎಂದು ನೋಡಿದರು. ಅಂಟು ಎಷ್ಟಿದೆ ಎಂದು ನೋಡಿದರು. ಹದಿನಾರು ಎಂದು ಮೊದಲೇ ಗೊತ್ತಿರುವುದನ್ನು ಯಾರು ಎಣಿಸುತ್ತಾರೆ? ನೀನು ನಿನ್ನ ಕೈಬೆರಳನ್ನು ಕೊನೆಯ ಸಲ ಎಣಿಸಿದ್ದು ಯಾವಾಗ?"

ಬೇರೆ ಊರಿನ ಮೇಷ್ಟ್ರುಗಳು ಕಾಗದ ಬರೆದರು. ನಮಗೆ ಆ ಆರು ಬರುತ್ತಿಲ್ಲ ಎಂದರು. ಇವನು ಅವರಿಗೆ ಉತ್ತರ ಬರೆದ: ನಿಮಗೆ ಕೈ ಸಾಲದು. ವೇದಿಕೆ ಹತ್ತಿದಾಗಲೆಲ್ಲ ಹೇಳಿದ: ಈ ಗುಣಾಂಕ ಇರುವುದು ನಮ್ಮ ಕೆಲಸಗಾರನ ಕೈಯಲ್ಲಿ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಕೆಲಸಗಾರ ಹಿಂದೆ ನಿಂತು ನಾಚುತ್ತಿದ್ದ. ಸಾಹೇಬರಿಗೆ ಗೊತ್ತಾಗಿದೆ, ಗೊತ್ತಿದ್ದೂ ನನ್ನನ್ನು ಕಾಪಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದ.

ಆ ಪುಟ್ಟ ವಿಮಾನ ಹಾರಲಿಲ್ಲ. ಯೋಜನೆಯ ಕಡತವನ್ನು ಎಲ್ಲಿಯೋ ಮುಚ್ಚಿದರು. ಬೇರೆ ವಿಮಾನ ಕಟ್ಟುವವರು ಅವನ ಗುಣಾಂಕವನ್ನು ಓದಿ, ಬಹಳ ಚೆನ್ನಾಗಿದೆ ಎಂದು ಹೇಳಿ, ತಮ್ಮ ಹಳೆಯ ಲೆಕ್ಕದಂತೆಯೇ ಎರಡು ಪದರ ಹೆಚ್ಚು ಹಾಕಿ ಕಟ್ಟಿಕೊಂಡರು. ಯಾರ ಜೀವವೂ ಹೋಗಲಿಲ್ಲ. ಅದೊಂದು ಪುಣ್ಯ. ಅಷ್ಟು ವರ್ಷದ ದುಡಿಮೆಯಲ್ಲಿ ಆ ಮೇಷ್ಟ್ರ ಕಡೆಯಿಂದ ಆಕಾಶಕ್ಕೆ ಹಾರಿದ್ದು ಒಂದೇ, ಸಮ್ಮೇಳನಗಳಿಗೆ ಹೋಗುವಾಗ ಅವನೇ.

ಗುರು ಇಲ್ಲಿ ನಕ್ಕರು. ಒಬ್ಬರೇ ನಕ್ಕರು.

ಕೆಲಸಗಾರ ನಿವೃತ್ತನಾದ. ಬೀಳ್ಕೊಡುಗೆಯಲ್ಲಿ ಅವನಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅವನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಮತ್ತೊಂದು ದಿನ, ಮಧ್ಯಾಹ್ನ, ಅವನು ಮೇಷ್ಟ್ರನ್ನು ನೋಡಲು ಬಂದ. ಮೊಮ್ಮಗಳಿಗೆ ಹೆಸರಿಡುವ ದಿನಕ್ಕೆ ಕರೆಯಲು ಬಂದಿದ್ದ. ಕುರ್ಚಿಯ ತುದಿಯಲ್ಲಿ ಕೂತ. ಕಾಫಿ ಕುಡಿದ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ:

"ಸಾರ್, ಹೊಸಬರು ಬಂದ್ರೆ ಆ ಒಂದು ಪದರದ ವಿಷಯ ನೀವೇ ಹೇಳ್ಬೇಕು. ಇಷ್ಟು ದಿನ ನಾನಿದ್ದೆ, ಹಾಕ್ಕೊಡ್ತಿದ್ದೆ. ಇನ್ನು ಆ ಮಕ್ಕಳಿಗೆ ಯಾರು ಹಾಕ್ಕೊಡ್ತಾರೆ?"

"ಯಾವ ಪದರ?" ಎಂದ ಮೇಷ್ಟ್ರು.

ಕೆಲಸಗಾರ ನಕ್ಕ. "ಇರಲಿ ಬಿಡಿ ಸಾರ್, ಇಲ್ಲಿ ಯಾರೂ ಇಲ್ಲ. ರೆಕ್ಕೆಗೆ ಹಾಕಿದ್ನಲ್ಲ, ಅದು. ನೂರಕ್ಕೆ ಮುರಿದು ನಿಮ್ಮ ಹೆಸರು ಹಾಳಾಗಬಾರದು ಅಂತ. ಆಮೇಲೆ ಆ ಹುಡುಗರು ಒಬ್ಬೊಬ್ಬರೂ ಬಂದು, ಅಣ್ಣಾ, ಸಾರ್ ಲೆಕ್ಕಕ್ಕೆ ನಮ್ಮದು ಹೊಂದಬೇಕು ಅಂತ ಕಣ್ಣಲ್ಲಿ ನೀರು ಹಾಕೋರು. ಅವರಿಗೂ ಒಂದೊಂದು ಹಾಕಿದೆ. ನೀವು ಕಾಯಂ ಮಾಡಿಸಿದಿರಿ. ನನ್ನ ಹತ್ರ ಇನ್ನೇನಿತ್ತು ಕೊಡೋಕೆ? ಕೈಲಿದ್ದದ್ದು ಬಟ್ಟೆ."

ಮೇಷ್ಟ್ರು ಅವನನ್ನು ಬಸ್ ನಿಲ್ದಾಣದವರೆಗೆ ಬಿಟ್ಟು ಬಂದ. ದಾರಿಯಲ್ಲಿ ಮೊಮ್ಮಗಳಿಗೆ ಏನು ಹೆಸರಿಡುತ್ತೀಯ ಎಂದು ಕೇಳಿದ. ಕೆಲಸಗಾರ ಹೇಳಿದ ಹೆಸರು ಅವನ ಕಿವಿಗೆ ಹೋಗಲಿಲ್ಲ.

ಹಿಂದಿರುಗಿ ಬಂದು ಮೇಜಿನಿಂದ ಭೂತಗನ್ನಡಿ ತೆಗೆದುಕೊಂಡ. ಬಾಗಿಲ ಬಳಿ ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ಮೊಣಕಾಲೂರಿದ. ಕತ್ತರಿಸಿದ ಅಂಚು ಗಾಜಿಗೆ ಅಂಟಿದಂತೆಯೇ ಇತ್ತು. ಅವನು ದಿನಕ್ಕೆ ನಾಲ್ಕು ಸಲ ಅದರ ಮುಂದೆ ಓಡಾಡಿದ್ದ. ಬಂದವರಿಗೆಲ್ಲ ಬೆರಳು ಮಾಡಿ ತೋರಿಸಿದ್ದ.

ಕಾವಲುಗಾರ ಬಂದು ಕೇಳಿದ, "ಏನ್ ಸಾರ್, ಏನಾದ್ರೂ ಬಿತ್ತಾ?"

"ಇಲ್ಲಪ್ಪ, ಎಣಿಸುತ್ತಿದ್ದೇನೆ."

"ಏನನ್ನ ಸಾರ್?"

"ಹದಿನಾರನ್ನು."

ಎಣಿಸಿದ. ಹದಿನೇಳು ಬಂತು. ಕೆಳಗಿನಿಂದ ಮೇಲಕ್ಕೆ ಎಣಿಸಿದ್ದೆನಲ್ಲ ಎಂದು ಮೇಲಿನಿಂದ ಕೆಳಕ್ಕೆ ಎಣಿಸಿದ. ಹದಿನೇಳು. ಕನ್ನಡಕ ಒರೆಸಿಕೊಂಡು ಎಣಿಸಿದ. ಹುಟ್ಟಿದಾಗಿನಿಂದ ತನ್ನ ಲೆಕ್ಕ ಸರಿಯಾಗಲಿ ಎಂದು ಬೇಡಿಕೊಂಡವನು ಆ ದಿನ ತಪ್ಪಾಗಲಿ ಎಂದು ಬೇಡಿಕೊಂಡ. ಆಗಲಿಲ್ಲ.

ನೆಲದ ಮೇಲೆಯೇ ಕೂತು ಲೆಕ್ಕ ಹಾಕಿದ. ಅದಕ್ಕೆ ಕಾಗದವೂ ಬೇಕಿರಲಿಲ್ಲ. ಹದಿನಾರು ಪದರಕ್ಕೆ ನೂರು ಚೀಲವಾದರೆ ಹದಿನೇಳಕ್ಕೆ ನೂರ ಆರು. ಅವನು ಹರಿದು ಹಾಕಿದ ಸಮೀಕರಣ ಸರಿಯಾಗಿತ್ತು. ನೂರನೆಯ ಚೀಲಕ್ಕೇ ಸರಿಯಾಗಿತ್ತು. ಮೂವತ್ತೆಂಟನೆಯ ವಯಸ್ಸಿನಲ್ಲಿ ಅವನು ಸತ್ಯ ಹೇಳಿದ್ದ. ಉಳಿದ ಆಯಸ್ಸನ್ನೆಲ್ಲ ಅದು ಏಕೆ ಸುಳ್ಳು ಎಂದು ಸಾಧಿಸಲು ಕಳೆದಿದ್ದ. ಸಾಧಿಸಿಯೂ ಇದ್ದ. ಅಂಥ ಸಾಮರ್ಥ್ಯ ಬೇರೆ ಯಾರಿಗಿದೆ ಹೇಳು?

ಗುರು ಇಷ್ಟು ಹೇಳಿ ನಿಲ್ಲಿಸಿದರು. ಮೃದುಲಾ ಡಬ್ಬಿಯಿಂದ ಒಂದು ಪಟ್ಟಿ ತೆಗೆದುಕೊಂಡಳು. ಅದರ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮತ್ತೆ ಒಳಗಿಟ್ಟಳು.

"ಆಮೇಲೆ ಆ ಮೇಷ್ಟ್ರು ಏನು ಮಾಡಿದರು?"

"ಎದ್ದು ಪ್ಯಾಂಟಿನ ಮಂಡಿಯ ಧೂಳು ಕೊಡವಿಕೊಂಡ."

"ಅದಲ್ಲ, ಸಾರ್."

"ಕೋಣೆಗೆ ಹೋಗಿ ಪತ್ರಿಕೆಯ ಸಂಪಾದಕರಿಗೆ ಕಾಗದ ಬರೆಯಲು ಕೂತ. ದಿನಾಂಕ ಹಾಕಿದ. ಮಾನ್ಯರೇ ಎಂದು ಬರೆದ. ಅಷ್ಟು ಹೊತ್ತಿಗೆ ಹನ್ನೊಂದು ಜನ ನೆನಪಾದರು. ಒಬ್ಬ ಕುಲಪತಿಯಾಗಿದ್ದ. ಒಬ್ಬಳು ತನ್ನ ಲ್ಯಾಬಿಗೆ ಈ ಮೇಷ್ಟ್ರ ಹೆಸರಿಟ್ಟಿದ್ದಳು. ಒಬ್ಬನಿಗೆ ಕೆಲಸವೇ ಸಿಕ್ಕಿರಲಿಲ್ಲ. ಅವನ ಹತ್ತಿರ ಇದ್ದದ್ದು ಆ ಪದವಿ ಒಂದೇ. ಕೆಲಸಗಾರನೂ ನೆನಪಾದ. ಅವನ ಪಿಂಚಣಿಯ ಕಾಗದ ಇನ್ನೂ ಕಚೇರಿಯಲ್ಲಿತ್ತು. ಇವನ ಸಲುವಾಗಿ, ಅವರ ಸಲುವಾಗಿ ಎಂದು ಎಲ್ಲರ ಹೆಸರೂ ಹೇಳಿಕೊಂಡ. ತನ್ನ ಹೆಸರೊಂದನ್ನು ಹೇಳಿಕೊಳ್ಳಲಿಲ್ಲ. ಮಾನ್ಯರೇ ಎಂದಿದ್ದ ಹಾಳೆಯನ್ನು ಮಡಿಸಿ ಒಳಗಿಟ್ಟ. ನಾಳೆ ಬರೆಯೋಣ ಎಂದುಕೊಂಡ. ಮನೆಗೆ ಹೋಗಿ ಊಟ ಮಾಡಿದ. ಹುಳಿ ಚೆನ್ನಾಗಿತ್ತು ಎಂದು ಹೆಂಡತಿಗೆ ಹೇಳಿದ."

"ನಾಳೆ ಬರೆದರೇ?"

"ಇಲ್ಲ."

ಮೃದುಲಾ ಡಬ್ಬಿಯ ಮುಚ್ಚಳ ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ. ಎರಡು ಸಲ ಒತ್ತಿದಳು.

"ಹಾಗಾದರೆ ನನ್ನ ಮೂವತ್ನಾಲ್ಕೂ ಸರಿಯಾಗಿವೆ."

"ಅಷ್ಟು ಸರಿಯಾದ ಹಾಸು ಈ ಲ್ಯಾಬಿನಲ್ಲಿ ಹಿಂದೆ ಯಾರೂ ಮಾಡಿಲ್ಲ. ನಾನೂ ಮಾಡಿಲ್ಲ. ನಾನು ಇದುವರೆಗೆ ಹೇಳಿದ ದೊಡ್ಡ ಮಾತುಗಳಲ್ಲಿ ಇದೊಂದನ್ನು ನಂಬು."

"ಆರು ವರ್ಷದಿಂದ ನಾನು ಪ್ರತಿ ತಿಂಗಳೂ ಬಂದು, ಬರುತ್ತಿಲ್ಲ ಸಾರ್, ಅಂದೆ. ಕೈ ಪಳಗಬೇಕು ಅಂದಿರಿ."

"ಅಂದೆ."

"ಪ್ರಬಂಧದಲ್ಲಿ ಏನು ಬರೆಯಲಿ, ಸಾರ್? ಗುಣಾಂಕ ಇಲ್ಲ ಅಂತ ಬರೆದರೆ ನೋಡುವ ಪರೀಕ್ಷಕರು ನಿಮ್ಮ ಶಿಷ್ಯರೇ. ಮೂವರಲ್ಲಿ ಇಬ್ಬರು. ಇದೆ ಅಂತ ಬರೆಯಲು ನನ್ನ ಹತ್ತಿರ ಒಂದು ಪಟ್ಟಿಯೂ ಇಲ್ಲ. ಇಪ್ಪತ್ತು ದಿನ ಉಳಿದಿದೆ."

ಗುರುಗಳ ಬಳಿ ಅದಕ್ಕೆ ಕತೆ ಇರಲಿಲ್ಲ.

ಅವಳು ಎದ್ದಳು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬಾಗಿಲವರೆಗೆ ಹೋದಳು. ಅಲ್ಲಿ ನಿಂತಳು. ತಿರುಗಿ ನೋಡದೆ ಕೇಳಿದಳು:

"ಆ ಕೆಲಸಗಾರ ಬಂದು ಹೇಳಿದ್ದು ಯಾವತ್ತು, ಸಾರ್?"

ಗುರು ಹೇಳಿದರು, "ನಿನ್ನ ಸಂದರ್ಶನದ ಹಿಂದಿನ ದಿನ."